ಬಾಗಿಲ ಸಂದಿಯ ಹಳದಿ ಚೀಟಿ

"ಅಣ್ಣ, ಈ ಟ್ರಕ್ಕು 11,000 ಪೌಂಡ್ ಎಳೆಯುತ್ತಂತೆ. ನಮ್ಮ ಟ್ರೇಲರ್ ಭರ್ತಿ ತುಂಬಿದ್ರೂ 7,500. ಅಡ್ವಾನ್ಸ್ ಕೊಟ್ಬಿಡ್ಲಾ?"

ಶನಿವಾರ ಮಧ್ಯಾಹ್ನ ಊಟ ಮುಗಿಸಿ ಇನ್ನೇನು ಅಡ್ಡಾಗಬೇಕು ಅನ್ನುವಾಗ ನನ್ನ ಷಡ್ಡಕನ ಫೋನು. ಅವನಿರೋದು ಡೆನ್ವರ್ ಪಕ್ಕದ ಅರೋರಾದಲ್ಲಿ, ನಾನಿರೋದು ಅಲ್ಲಿಂದ ಮುಕ್ಕಾಲು ಗಂಟೆ ದೂರ. ಬೇಸಿಗೆಗೆ ನಮ್ಮಿಬ್ಬರ ಅತ್ತೆ-ಮಾವ ಹಾಸನದಿಂದ ಬರೋರಿದ್ರು. ಅತ್ತೆಗೆ ಮಂಡಿನೋವು, ಮೇಲೆ ಹೊರಗಿನ ಊಟ ಆಗೋದಿಲ್ಲ. ಯೆಲ್ಲೋಸ್ಟೋನ್ ತೋರಿಸಬೇಕು ಅಂದ್ರೆ ಅಡುಗೆಮನೆ, ಮಂಚ, ಬಚ್ಚಲು ಎಲ್ಲವೂ ಜೊತೆಗೇ ಬರಬೇಕು. ಹಾಗಾಗಿ ಅವನು ಸೆಕೆಂಡ್‌ಹ್ಯಾಂಡ್ ಟ್ರಾವೆಲ್ ಟ್ರೇಲರ್ ಒಂದನ್ನು, ಅಂದ್ರೆ ಗಾಡಿಯ ಹಿಂದೆ ಕಟ್ಟಿಕೊಂಡು ಹೋಗೋ ಚಕ್ರದ ಮನೆಯನ್ನು, ಆಗಲೇ ಕೊಂಡಿದ್ದ. ಅದನ್ನು ಎಳೆಯೋದಕ್ಕೆ ಪಿಕಪ್ ಟ್ರಕ್ ಮಾತ್ರ ಬಾಕಿ.

"ಡ್ರೈವರ್ ಬಾಗಿಲು ತೆಗಿ. ಸಂದಿಯಲ್ಲಿ ಹಳದಿ ಪಟ್ಟಿ ಇರೋ ಚೀಟಿ ಅಂಟಿಸಿರ್ತಾರೆ, ಓದು" ಅಂದೆ.

"ಜನ, ಸಾಮಾನು ಎಲ್ಲ ಸೇರಿ 1,420 ಪೌಂಡ್ ಮೀರಬಾರದು ಅಂತಿದೆ."

"ಹಾಗಾದ್ರೆ ಕೈಮುಗಿದು ವಾಪಸ್ ಬಾ."

ಬಂದ. ಆದ್ರೆ ಅವನಿಗೆ ಸಮಾಧಾನ ಆಗಿರಲಿಲ್ಲ. 11,000 ಎಳೆಯೋ ಗಾಡಿಗೆ 7,500 ಯಾಕೆ ಆಗಲ್ಲ ಅನ್ನೋದು ಅವನ ಪ್ರಶ್ನೆ. ನ್ಯಾಯವಾದ ಪ್ರಶ್ನೆಯೇ. ಅದಕ್ಕೆ ಉತ್ತರ ಕೊಡೋಕೆ ಹೊರಟು ನಾನು ಅಮೆರಿಕದ ನೂರು ವರ್ಷದ ಚರಿತ್ರೆಯಲ್ಲಿ ಒಂದು ಸುತ್ತು ಹಾಕಿ ಬರಬೇಕಾಯ್ತು.

ಮೊದಲು ಲೆಕ್ಕ. ಟ್ರೇಲರನ್ನು ಟ್ರಕ್ಕು ಬರೀ ಎಳೆಯೋದಿಲ್ಲ, ಸ್ವಲ್ಪ ಹೊರುತ್ತೆ ಕೂಡ. ಊರಲ್ಲಿ ಎತ್ತಿನ ಗಾಡಿಗೆ ಮೂಟೆ ಹೇರೋದನ್ನ ನೋಡಿದವರಿಗೆ ಇದು ಗೊತ್ತು. ಭಾರ ಹಿಂದಕ್ಕೆ ಬಿದ್ರೆ ಮೂಕಿ ಮೇಲೆದ್ದು ಎತ್ತಿನ ಕೊರಳ ಹಗ್ಗ ಬಿಗಿಯುತ್ತೆ. ತೀರಾ ಮುಂದಕ್ಕೆ ಬಿದ್ರೆ ನೊಗ ಹೆಗಲನ್ನ ಅದುಮುತ್ತೆ. ಟ್ರೇಲರ್‌ಗೂ ಅದೇ ಕತೆ. ಒಟ್ಟು ತೂಕದ ನೂರಕ್ಕೆ 10ರಿಂದ 15 ಪಾಲು ಟ್ರಕ್ಕಿನ ಕೊಂಡಿಯ ಮೇಲೆ ಕೂರಬೇಕು. ಅದಕ್ಕಿಂತ ಕಡಿಮೆ ಆದ್ರೆ ಹೈವೇಯಲ್ಲಿ ಟ್ರೇಲರ್ ಬಾಲ ಅಲ್ಲಾಡಿಸೋಕೆ ಶುರುಮಾಡಿ ಮುಂದಿನ ಗಾಡಿಯನ್ನೂ ಮಗುಚುತ್ತೆ. 12 ಪಾಲು ಅಂತಿಟ್ಟುಕೊಂಡ್ರೆ 7,500ಕ್ಕೆ 900 ಪೌಂಡ್. ಅವನು, ನಾದಿನಿ, ಎರಡು ಮಕ್ಕಳು, ಅತ್ತೆ, ಮಾವ: ಆರು ಜನ, ಸುಮಾರು 800. ಕೊಂಡಿಯ ಕಬ್ಬಿಣವೇ 100. ಹಿಂದೆ ಜನರೇಟರು, ಕುರ್ಚಿ, ಸೌದೆ ಅಂತ 200. ಒಟ್ಟು 2,000. ಚೀಟಿಯಲ್ಲಿರೋದು 1,420. ಎಳೆಯೋ ತಾಕತ್ತು ಮುಗಿಯೋದಕ್ಕೆ ಬಹಳ ಮೊದಲೇ ಹೊರೋ ತಾಕತ್ತು ಮುಗಿದಿತ್ತು.

ಈ ಚೀಟಿ ಯಾರ ಔದಾರ್ಯದಿಂದಲೂ ಬಂದದ್ದಲ್ಲ. 2000ದ ಆಗಸ್ಟಿನಲ್ಲಿ ಫೈರ್‌ಸ್ಟೋನ್ ಕಂಪನಿ 65 ಲಕ್ಷ ಟೈರುಗಳನ್ನ ವಾಪಸ್ ಕರೆಸಿತು. ಅವುಗಳಲ್ಲಿ ಹೆಚ್ಚಿನವು ಫೋರ್ಡ್ ಎಕ್ಸ್‌ಪ್ಲೋರರ್ ಗಾಡಿಗಳಲ್ಲಿದ್ದವು. ಬಿಸಿಲಲ್ಲಿ, ವೇಗದಲ್ಲಿ, ಗಾಳಿ ಕಮ್ಮಿ ಇದ್ದಾಗ ಟೈರಿನ ಮೇಲ್ಪದರ ಕಿತ್ತುಬಂದು ಗಾಡಿ ಪಲ್ಟಿ. 200ಕ್ಕೂ ಹೆಚ್ಚು ಜನ ಸತ್ತರು. ಟೈರಿನವರು ಗಾಡಿಯವರನ್ನ, ಗಾಡಿಯವರು ಟೈರಿನವರನ್ನ ಬೈದುಕೊಂಡ್ರು. ನೂರು ವರ್ಷದ ಹತ್ತಿರಹತ್ತಿರದ ವ್ಯವಹಾರ ಮುರಿದುಬಿತ್ತು. ಅದೇ ವರ್ಷ ನವೆಂಬರಿನಲ್ಲಿ ಟ್ರೆಡ್ ಕಾಯ್ದೆಗೆ ಸಹಿ ಬಿತ್ತು. ಅದರ ಹಿಂದೆ ಬಂದ ನಿಯಮಗಳಲ್ಲಿ ಒಂದು ಈ ಚೀಟಿ: ಆ ಒಂದು ಗಾಡಿ, ಅದಕ್ಕೆ ಹಾಕಿರೋ ಸನ್‌ರೂಫು, ಚರ್ಮದ ಸೀಟು ಎಲ್ಲ ಕಳೆದು, ಇನ್ನೆಷ್ಟು ಹೊರಬಲ್ಲದು ಅಂತ ಇಂಗ್ಲಿಷಿನಲ್ಲಿ ಒಂದೇ ವಾಕ್ಯ. ಜಾಹೀರಾತಿನ ಅಂಕಿ ಮಾಡೆಲ್‌ದು, ಚೀಟಿಯ ಅಂಕಿ ನಿಮ್ಮ ಮುಂದೆ ನಿಂತಿರೋ ಗಾಡಿಯದು. ಅದಕ್ಕೂ ಹಳೆಯ ಟ್ರಕ್ ಆದ್ರೆ ಚೀಟಿ ಇರಲ್ಲ. ಗಾಡಿಗೆ ಅನುಮತಿ ಇರೋ ಒಟ್ಟು ತೂಕದಿಂದ ಖಾಲಿ ಗಾಡಿಯ ತೂಕವನ್ನ ನೀವೇ ಕಳೆಯಬೇಕು.

"ಅಮೆರಿಕದವರು ಹಿಂದೆ ಕಾರಲ್ಲೇ ಎಳೀತಿದ್ರಲ್ಲ, ಹಳೇ ಫೋಟೋಗಳಲ್ಲಿ ನೋಡಿದೀನಿ" ಅಂದ ಷಡ್ಡಕ. ನಿಜ. 1919ರಲ್ಲಿ ಫ್ಲೋರಿಡಾದ ಟ್ಯಾಂಪಾದಲ್ಲಿ ಟಿನ್ ಕ್ಯಾನ್ ಟೂರಿಸ್ಟ್ಸ್ ಅಂತ ಒಂದು ಕೂಟ ಹುಟ್ಟಿಕೊಂಡಿತು. ಡಬ್ಬಿ ಊಟ ತಿಂದುಕೊಂಡು ಊರೂರು ತಿರುಗೋರು. ಗುರುತಿಗೆ ರೇಡಿಯೇಟರ್ ಮುಚ್ಚಳಕ್ಕೆ ಖಾಲಿ ಡಬ್ಬಿ ಸಿಕ್ಕಿಸಿಕೊಳ್ತಿದ್ರು. ಅವರ ಬಂಡಿ ಫೋರ್ಡ್ ಮಾಡೆಲ್ ಟಿ. 1930ರ ದಶಕದಲ್ಲಿ ವಾಲಿ ಬಯಾಮ್‌ನ ಏರ್‌ಸ್ಟ್ರೀಮ್ ಬಂತು. 1936ರ ಅವನ ಕ್ಲಿಪ್ಪರ್, ಬೆಳ್ಳಿ ಮೊಟ್ಟೆ ಥರದ ಅಲ್ಯುಮಿನಿಯಂ ಟ್ರೇಲರ್, ಇವತ್ತಿಗೂ ಪೋಸ್ಟರುಗಳಲ್ಲಿ ಕಾಣುತ್ತೆ. (1963-64ರಲ್ಲಿ ಇಂಥ ಟ್ರೇಲರುಗಳ ಸಾಲೊಂದು ಸಿಂಗಪುರದಿಂದ ಹೊರಟು ಭಾರತವನ್ನೂ ಹಾದು ಯುರೋಪಿಗೆ ಹೋಯ್ತು. ನಮ್ಮ ಗ್ರ್ಯಾಂಡ್ ಟ್ರಂಕ್ ರಸ್ತೆಯ ಲಾರಿ ಡ್ರೈವರುಗಳು ಏನಂದುಕೊಂಡ್ರೋ!) ಐವತ್ತು ಅರವತ್ತರ ದಶಕಗಳಲ್ಲಿ ದೊಡ್ಡ ವಿ-8 ಎಂಜಿನ್ನಿನ ಸ್ಟೇಷನ್ ವ್ಯಾಗನ್ ಕಾರುಗಳೇ ಈ ಕೆಲಸ ಮಾಡ್ತಿದ್ದವು. ಪಿಕಪ್ ಏನಿದ್ರೂ ರೈತರದ್ದು, ಮೇಸ್ತ್ರಿಗಳದ್ದು.

ಆ ಕಾಲಕ್ಕೆ ತೆರೆ ಎಳೆದದ್ದು 1973ರ ತೈಲ ಬಿಕ್ಕಟ್ಟು. 1975ರಲ್ಲಿ ಅಮೆರಿಕದ ಕಾಂಗ್ರೆಸ್ ಕಾನೂನು ಮಾಡಿತು: ಕಾರು ಕಂಪನಿಗಳ ಸರಾಸರಿ ಮೈಲೇಜ್ 1978ಕ್ಕೆ ಗ್ಯಾಲನ್‌ಗೆ 18 ಮೈಲಿ, 1985ಕ್ಕೆ 27.5 ಮೈಲಿ ಆಗಬೇಕು. ಕಾರುಗಳು ಬಡವಾದವು. ಜನರಲ್ ಮೋಟರ್ಸ್ 1977ರಲ್ಲೇ ತನ್ನ ದೊಡ್ಡ ಕಾರುಗಳನ್ನ ಕುಗ್ಗಿಸಿತು. ಆದ್ರೆ ಟ್ರಕ್ಕುಗಳಿಗೆ ಬೇರೆ, ಸಡಿಲ ನಿಯಮ. ಪಾಪ, ರೈತರ ಗಾಡಿ ಅಂತ. ಎಳೆಯೋ ಕಾರು ಸಿಗದ ಟ್ರೇಲರ್ ಕುಟುಂಬಗಳು ನಿಧಾನಕ್ಕೆ ಟ್ರಕ್ ಅಂಗಡಿಯ ಕಡೆ ನಡೆದವು.

ಇಲ್ಲಿಂದ ಮುಂದೆ ಚಾಪೆ ಕೆಳಗೆ ತೂರೋನಿಗೆ ರಂಗೋಲಿ ಕೆಳಗೆ ತೂರೋನು ಸಿಕ್ಕ ಕತೆ. 1975ರ ಹೊಗೆ ನಿಯಮ 6,000 ಪೌಂಡ್ ಒಳಗಿನ ಟ್ರಕ್ಕುಗಳಿಗೆ ಅನ್ವಯ. ಅಂದ್ರೆ ಅವಕ್ಕೆ ಕ್ಯಾಟಲಿಟಿಕ್ ಕನ್ವರ್ಟರ್ ಬೇಕು, ಸೀಸ ಇಲ್ಲದ ಪೆಟ್ರೋಲೇ ಬೇಕು. ಫೋರ್ಡ್ ಏನು ಮಾಡ್ತು? ಆಗ ಇದ್ದ ಎಫ್-100ಕ್ಕೂ ಎಫ್-250ಕ್ಕೂ ಮಧ್ಯೆ, 6,000ದ ಗೆರೆಯನ್ನ ಸ್ವಲ್ಪವೇ ದಾಟೋ ಹಾಗೆ, ಹೊಸದೊಂದು ಟ್ರಕ್ ತಂದಿಟ್ಟಿತು. ಅದೇ ಎಫ್-150. ಇವತ್ತು ಅಮೆರಿಕದ ಬೀದಿಬೀದಿಯಲ್ಲಿ ಕಾಣೋ ಹೆಸರು ಹುಟ್ಟಿದ್ದು ಒಂದು ನಿಯಮದಿಂದ ತಪ್ಪಿಸಿಕೊಳ್ಳೋಕೆ.

ಮುಂದೆ ಗೆರೆ 8,500 ಪೌಂಡಿಗೆ ಸರಿಯಿತು. ಅದರ ಮೇಲಿನವು ಮೈಲೇಜ್ ಕಾನೂನಿನಿಂದಲೇ ಹೊರಗೆ. ಅವುಗಳಿಗೂ ಇಂಧನ ನಿಯಮ ಬಂದದ್ದು 2014ರ ಮಾಡೆಲ್‌ನಿಂದ. ಆದ್ರೂ ಹೊಸ ಕಾರಿನ ಗಾಜಿಗೆ ಅಂಟಿಸೋ ಮೈಲೇಜ್ ಚೀಟಿ ಇವಕ್ಕೆ ಇವತ್ತಿಗೂ ಕಡ್ಡಾಯ ಅಲ್ಲ. ನಮ್ಮವರು ಗಾಡಿ ಕೊಳ್ಳುವಾಗ ಕೇಳೋ ಮೊದಲನೇ ಪ್ರಶ್ನೆಯೇ "ಎಷ್ಟು ಕೊಡುತ್ತೆ?" ಅಂತ. ಹೆವಿ ಡ್ಯೂಟಿ ಟ್ರಕ್ ವಿಷಯದಲ್ಲಿ ಅದಕ್ಕೆ ಸರ್ಕಾರಿ ಉತ್ತರವೇ ಇಲ್ಲ. ನನ್ನ ಷಡ್ಡಕನ ಗಾಡಿ ಟ್ರೇಲರ್ ಕಟ್ಟಿದ ಮೇಲೆ ಗ್ಯಾಲನ್‌ಗೆ 9 ಮೈಲಿ ಕೊಟ್ಟಿತು. ಲೀಟರಿಗೆ 4 ಕಿಲೋಮೀಟರ್ ಕೂಡ ಇಲ್ಲ. ಬೆಂಗಳೂರಿನವರು ಒಮ್ಮೆ ಕಣ್ಣುಮುಚ್ಚಿ ಮುಂದಕ್ಕೆ ಓದಿ.

ಈ ಮಾರುಕಟ್ಟೆಯಲ್ಲಿ ಮೂರೇ ಮನೆತನ ಯಾಕೆ, ಫೋರ್ಡ್, ಜಿಎಂ, ರ‍್ಯಾಮ್ ಬಿಟ್ರೆ ಬೇರೆ ಯಾರೂ ಯಾಕಿಲ್ಲ ಅನ್ನೋದಕ್ಕೂ ಒಂದು ಕಾರಣ ಕೋಳಿ. ಯುರೋಪಿನವರು ಅಮೆರಿಕದ ಕೋಳಿಮಾಂಸದ ಮೇಲೆ ಸುಂಕ ಹಾಕಿದ್ರು ಅಂತ 1963ರ ಡಿಸೆಂಬರಿನಲ್ಲಿ ಅಧ್ಯಕ್ಷ ಜಾನ್ಸನ್ ಹೊರಗಿನ ಟ್ರಕ್ಕುಗಳ ಮೇಲೆ ಶೇ. 25 ಸುಂಕ ಜಡಿದ. ಕೋಳಿ ಜಗಳ ಮರೆತುಹೋಯ್ತು, ಸುಂಕ ಉಳೀತು.

ಹೆಸರುಗಳ ಗೊಂದಲ ಇನ್ನೊಂದು. ಹಾಫ್-ಟನ್, ಮುಕ್ಕಾಲು ಟನ್, ಒಂದು ಟನ್ ಅಂತ ಇವತ್ತಿಗೂ ಕರೀತಾರೆ. ಒಂದು ಕಾಲಕ್ಕೆ ಅದು ನಿಜವಾಗಿ ಹೊರೋ ತೂಕವೇ ಆಗಿತ್ತು. ಈಗ 250 ಅಥವಾ 2500 ಅಂತ ಬರೆದ ಮುಕ್ಕಾಲು ಟನ್ ಟ್ರಕ್ಕು ಒಂದೂವರೆ ಟನ್ ಹೊತ್ರೂ ಆಶ್ಚರ್ಯ ಇಲ್ಲ. ಹೆಸರನ್ನೂ ಪೂರ್ತಿ ನಂಬಬೇಡಿ. 1997ರಿಂದ 99ರವರೆಗಿನ ಫೋರ್ಡ್ ಎಫ್-250ಗಳಲ್ಲಿ ಒಂದು ಲೈಟ್ ಡ್ಯೂಟಿ ಅವತಾರ ಇದೆ, ವೇಷ ಬದಲಿಸಿದ ಎಫ್-150. ಚಕ್ರಕ್ಕೆ 7 ನಟ್ ಇದ್ರೆ ಅದೇ.

ಈಗ 11,000ದ ಕತೆ. ಎಳೆಯೋ ತಾಕತ್ತಿನ ಅಂಕಿಯನ್ನ ಬಹಳ ಕಾಲ ಪ್ರತಿ ಕಂಪನಿಯೂ ತನ್ನದೇ ಪರೀಕ್ಷೆಯಲ್ಲಿ ತಾನೇ ಪಾಸು ಮಾಡಿಕೊಳ್ತಿತ್ತು. ಪಕ್ಕದ ಮನೆಯವರು 10,000 ಅಂದ್ರೆ ಇವರು 10,500. ಕೊನೆಗೆ ಎಂಜಿನಿಯರುಗಳ ಸಂಘ ಎಸ್‌ಎಇ 2008ರಲ್ಲಿ ಜೆ2807 ಅನ್ನೋ ಸಮಾನ ಪರೀಕ್ಷೆ ಬರೆಯಿತು. ಅದರ ಮುಖ್ಯ ಭಾಗ ಅರಿಜೋನಾದ ಡೇವಿಸ್ ಡ್ಯಾಮ್ ಏರು: ಕೊಲರಾಡೋ ನದಿಯ ದಂಡೆಯಿಂದ 11.4 ಮೈಲಿ ಬಿಡದೆ ಹತ್ತೋ ರಸ್ತೆ. 100 ಡಿಗ್ರಿ ಫ್ಯಾರನ್‌ಹೀಟ್ ಬಿಸಿಲು, ಎಸಿ ಪೂರ್ತಿ ಆನ್, ಟ್ರೇಲರ್ ಹಿಂದೆ, ಸ್ಪೀಡು 40 ಮೈಲಿಗಿಂತ ಇಳಿಯಕೂಡದು, ಏನೂ ಕುದಿಯಕೂಡದು. ಟೊಯೊಟಾ 2011ರ ಟಂಡ್ರಾಗೆ ಇದನ್ನ ಒಪ್ಪಿಕೊಂಡು ತನ್ನ ಅಂಕಿಯನ್ನ ಇಳಿಸಿಕೊಂಡಿತು. ಅಮೆರಿಕದ ಮೂವರು "ನೀನು ಮೊದಲು, ನೀನು ಮೊದಲು" ಅಂತ ಹೊಸ್ತಿಲಲ್ಲೇ ನಿಂತಿದ್ರು. ಅವರ ಹಾಫ್-ಟನ್‌ಗಳು ಒಳಗೆ ಬಂದದ್ದು 2015ರ ಮಾಡೆಲ್ ಹೊತ್ತಿಗೆ. ಹಾಗಾಗಿ 2010ರ ಟ್ರಕ್ಕಿನ ಬ್ರೋಷರಿನ ಅಂಕಿಯನ್ನ 2018ರ ಟ್ರಕ್ಕಿನ ಅಂಕಿಯ ಪಕ್ಕ ಇಟ್ಟು ತೂಗೋದು ಸೇರಿನ ಅಳತೆಯನ್ನ ಕಿಲೋ ಜೊತೆ ಹೋಲಿಸಿದ ಹಾಗೆ. ಸಮಾನ ಪರೀಕ್ಷೆಯಲ್ಲೂ ಟ್ರಕ್ಕಿನಲ್ಲಿ ಕೂರೋದು ಡ್ರೈವರ್ ಮತ್ತು ಇನ್ನೊಬ್ಬ, ತಲೆಗೆ 150 ಪೌಂಡ್. ನಮ್ಮ ಅತ್ತೆ-ಮಾವ ಅದರಲ್ಲಿಲ್ಲ.

ಇಷ್ಟು ಹೇಳೋ ಹೊತ್ತಿಗೆ ಅವನು ಇನ್ನೊಂದು ತುದಿಗೆ ಹಾರಿದ್ದ. "ಹಾಗಾದ್ರೆ ಡೀಸೆಲ್‌ಗೇ ಹೋಗ್ತೀನಿ. ಎಳೆಯೋದು ಅಂದ್ರೆ ಡೀಸೆಲ್ ಅಂತ ಆಫೀಸಲ್ಲಿ ಎಲ್ರೂ ಹೇಳ್ತಾರೆ."

ಹೇಳ್ತಾರೆ, ಯಾಕಂದ್ರೆ ಒಂದು ಕಾಲಕ್ಕೆ ಅದು ಪ್ರಶ್ನೆಯೇ ಇಲ್ಲದ ಮಾತಾಗಿತ್ತು. 1989ರಲ್ಲಿ ಡಾಡ್ಜ್ ಟ್ರಕ್ಕಿಗೆ ಕಮಿನ್ಸ್ ಡೀಸೆಲ್ ಎಂಜಿನ್ ಬಂತು, 1994ರಲ್ಲಿ ಫೋರ್ಡಿನ ಪವರ್‌ಸ್ಟ್ರೋಕ್, 2001ರಲ್ಲಿ ಜಿಎಂನ ಡ್ಯೂರಾಮ್ಯಾಕ್ಸ್. ಸರಳ, ಗಟ್ಟಿ. ಆದ್ರೆ 2007ರ ಹೊಗೆ ನಿಯಮಕ್ಕೆ ಮಸಿ ಹಿಡಿಯೋ ಫಿಲ್ಟರ್ ಸೇರಿತು, 2010ರ ನಿಯಮಕ್ಕೆ ಯೂರಿಯಾ ದ್ರಾವಣದ ಟ್ಯಾಂಕು. ಗಾಳಿಗೆ ಒಳ್ಳೆಯದೇ, ನನಗೇನೂ ತಕರಾರಿಲ್ಲ. ಆದ್ರೆ ವರ್ಷಕ್ಕೆ ಮೂರು ನಾಲ್ಕು ಸಲ ಟ್ರೇಲರ್ ಎಳೆದು, ಉಳಿದ ದಿನ ಮಕ್ಕಳನ್ನ ಸ್ಕೂಲಿಗೆ ಬಿಡೋ ಮನುಷ್ಯನ ಓಡಾಟಕ್ಕೆ ಆ ಫಿಲ್ಟರ್ ಸುಟ್ಟು ಶುಚಿಯಾಗೋಷ್ಟು ಬಿಸಿಯೇ ಆಗೋದಿಲ್ಲ. ವಾರಂಟಿ ಮುಗಿದ ಗಾಡಿಯಲ್ಲಿ ಆ ಸಾಮಾನು ಕೆಟ್ರೆ ಸಾವಿರಾರು ಡಾಲರ್. ಮೇಲೆ ಡೀಸೆಲ್ ಎಂಜಿನ್ ತಾನೇ ಭಾರ. ಅದೇ ವಾರ ಒಂದು ಅಂಗಡಿಯಲ್ಲಿ ನಾವಿಬ್ಬರೂ ಹೋಗಿ ನೋಡಿದ ಸಕಲಾಭರಣಭೂಷಿತ ಡೀಸೆಲ್ ಎಫ್-250ಯ ಬಾಗಿಲ ಚೀಟಿ ಹೇಳಿದ್ದು 1,960. ನಮಗೆ ಬೇಕಿರೋದು 2,000! ಸೇಲ್ಸ್‌ನವನಿಗೆ ಚೀಟಿ ತೋರಿಸಿದ್ರೆ "ಅದನ್ನೆಲ್ಲ ಯಾರೂ ನೋಡಲ್ಲ" ಅಂತ ನಕ್ಕ.

ಹಾಗಾಗಿ ಗ್ಯಾಸ್. ಅಮೆರಿಕದವರು ಗ್ಯಾಸ್ ಅನ್ನೋದು ನಮ್ಮ ಪೆಟ್ರೋಲಿಗೆ, ಸಿಲಿಂಡರಿಗಲ್ಲ. ಹೆವಿ ಡ್ಯೂಟಿಯ ಮೈಕಟ್ಟು, ಪೆಟ್ರೋಲ್ ಎಂಜಿನ್. ಇದಕ್ಕೂ ಏರಿಳಿತದ ಚರಿತ್ರೆ ಇದೆ. ತೊಂಬತ್ತರ ದಶಕದ ಮಧ್ಯದಿಂದ ದೈತ್ಯ ಎಂಜಿನ್ನುಗಳ ಕಾಲ: ಡಾಡ್ಜ್‌ನ 8.0 ಲೀಟರ್ ವಿ-10, 1999ರ ಫೋರ್ಡ್ ಸೂಪರ್ ಡ್ಯೂಟಿಯ 6.8 ಲೀಟರ್ ವಿ-10, 2001ರ ಜಿಎಂನ 8.1 ಲೀಟರ್. 2008ರಲ್ಲಿ ಪೆಟ್ರೋಲ್ ಗ್ಯಾಲನ್‌ಗೆ 4 ಡಾಲರ್ ದಾಟೋ ಹೊತ್ತಿಗೆ ಎರಡು ಆಗಲೇ ಹೋಗಿದ್ದವು, ಫೋರ್ಡಿನ ವಿ-10 ಕೂಡ 2010ರ ನಂತರ ಪಿಕಪ್ಪಿನಿಂದ ಇಳಿಯಿತು. ಆಮೇಲೆ ಹತ್ತು ವರ್ಷ ಮಧ್ಯಮ ಗಾತ್ರದವು: ಜಿಎಂನ 6.0, ಫೋರ್ಡಿನ 6.2, 2014ರಿಂದ ರ‍್ಯಾಮ್‌ನ 6.4 ಹೆಮಿ. ಡೀಸೆಲ್ ದುಬಾರಿಯಾಗ್ತಾ ಹೋದಂತೆ ಗಿರಾಕಿ ಪೆಟ್ರೋಲಿಗೆ ಮರಳಿದ. 2020ಕ್ಕೆ ಫೋರ್ಡ್ 430 ಅಶ್ವಶಕ್ತಿಯ 7.3 ಲೀಟರನ್ನೂ ಜಿಎಂ 401 ಅಶ್ವಶಕ್ತಿಯ 6.6 ಲೀಟರನ್ನೂ ಇಳಿಸಿದವು.

ಸೆಕೆಂಡ್‌ಹ್ಯಾಂಡ್ ಕೊಳ್ಳೋರಿಗೆ ಈ ಇಸವಿಗಳೇ ಪಂಚಾಂಗ. ಎರಡು ವಾಲ್ವಿನ ಹಳೇ ಫೋರ್ಡ್ ಟ್ರೈಟನ್ ಆದ್ರೆ ಸ್ಪಾರ್ಕ್ ಪ್ಲಗ್ಗಿಗೆ ಹಿಡಿತವೇ ಸಾಲದು, ಮರೆಯ ಸುತ್ತು ಅಷ್ಟು ಕಮ್ಮಿ, ಓಡುವಾಗಲೇ ಎಗರಿಬರಬಹುದು. ಮುಂದೆ ಬಂದ ಮೂರು ವಾಲ್ವಿನದ್ದು ಅದರ ತದ್ವಿರುದ್ಧ: ಪ್ಲಗ್ ಬಿಚ್ಚೋಕೆ ಹೋದ್ರೆ ಒಳಗೇ ಮುರಿದು ಕೂರುತ್ತೆ. ಹೆಮಿ ಆದ್ರೆ ಎಕ್ಸಾಸ್ಟ್ ಮ್ಯಾನಿಫೋಲ್ಡ್ ಬೋಲ್ಟು ನೋಡಿ. ತಣ್ಣಗಿದ್ದಾಗ ಸ್ಟಾರ್ಟ್ ಮಾಡಿಸಿ ಟಿಕ್ ಟಿಕ್ ಕೇಳುತ್ತಾ ಗಮನಿಸಿ. ಜಿಎಂನ 6.0 ಕುಡಿಯೋದು ಜಾಸ್ತಿ, ಆದ್ರೆ ಕತ್ತೆ ಥರ ದುಡಿಯುತ್ತೆ. 2007ರ ಹೊಸ ಮೈಕಟ್ಟಿನಿಂದ ಈಚಿನದಾದ್ರೆ ನಾಲ್ಕರ ಬದಲು ಆರು ಗೇರು, ಘಾಟಿಗೆ ಅದು ದೊಡ್ಡ ವ್ಯತ್ಯಾಸ. ಟ್ರೇಲರ್ ಬ್ರೇಕನ್ನ ಡ್ಯಾಶ್‌ಬೋರ್ಡಿನಿಂದಲೇ ನಿಯಂತ್ರಿಸೋ ಸಾಧನ ಕಂಪನಿಯಿಂದಲೇ ಬರೋಕೆ ಶುರುವಾದದ್ದು 2005ರ ಸೂಪರ್ ಡ್ಯೂಟಿಯಲ್ಲಿ. ಇದೆಲ್ಲಕ್ಕಿಂತ ಮೊದಲು ಗಾಡಿ ಕೆಳಗೆ ಮಲಗಿ ಚಾಸಿ ನೋಡಿ. ಹಿಮಕ್ಕೆ ಉಪ್ಪು ಸುರಿಯೋ ಊರಿನ ಟ್ರಕ್ಕಾದ್ರೆ ಮೇಲೆ ಮದುಮಗ, ಕೆಳಗೆ ತುಕ್ಕು.

ನಾವು ಕೊನೆಗೆ ಹಿಡಿದದ್ದು 2017ರ ಎಫ್-250, 6.2 ಪೆಟ್ರೋಲ್, ಬಟ್ಟೆ ಸೀಟು. ಯಾವುದೋ ಕಂಪನಿಯ ಕೆಲಸದಲ್ಲಿದ್ದ ಗಾಡಿ. ಹಾಗಾಗಿ ಕಿಲೋಮೀಟರ್ ಮಾತ್ರ ನೋಡದೆ ಎಂಜಿನ್ ಎಷ್ಟು ಗಂಟೆ ಓಡಿದೆ, ಅದರಲ್ಲಿ ನಿಂತಲ್ಲೇ ಗುರುಗುಟ್ಟಿದ್ದೆಷ್ಟು ಅನ್ನೋದನ್ನೂ ಮೀಟರಿನಲ್ಲಿ ತೆಗೆಸಿ ನೋಡಿದ್ವಿ. ಚೀಟಿಯಲ್ಲಿ 3,120. ಅವನ ಮುಖ ಅರಳಲಿಲ್ಲ. ಮನಸ್ಸು ಆ ಡೀಸೆಲ್‌ನ ಕಂದು ಚರ್ಮದ ಸೀಟಿನಲ್ಲೇ ಇತ್ತು. ನನಗೂ ಒಂದು ಅಳುಕಿತ್ತು. ಟರ್ಬೊ ಇಲ್ಲದ ಪೆಟ್ರೋಲ್ ಎಂಜಿನ್ ಪ್ರತಿ 1,000 ಅಡಿಗೆ ಸುಮಾರು ಶೇ. 3ರಷ್ಟು ಉಸಿರು ಕಳೆದುಕೊಳ್ಳುತ್ತೆ. ಯೆಲ್ಲೋಸ್ಟೋನ್ ದಾರಿಯ ಟೋಗಟಿ ಪಾಸ್ 9,600 ಅಡಿಗೂ ಮೇಲೆ. ಅಲ್ಲಿ ಈ 385 ಅಶ್ವಗಳಲ್ಲಿ ಕಾಲು ಭಾಗಕ್ಕಿಂತ ಹೆಚ್ಚು ರಜೆ ಹಾಕಿರ್ತವೆ. ಲಾರಿಗಳ ಹಿಂದೆ ಬಲಗಡೆ ಲೇನಿನಲ್ಲಿ ಕಿರುಚಿಕೊಂಡು ಹತ್ತಬೇಕು. ನಿಧಾನ ಆದ್ರೆ ಆಗಲಿ, ಬ್ರೇಕು, ಆಕ್ಸೆಲ್ಲು, ಟೈರು ಅಳತೆ ಒಳಗಿರ್ತವಲ್ಲ ಅಂತ ಇಬ್ಬರೂ ಒಪ್ಪಿಕೊಂಡ್ವಿ.

ಜೂನ್‌ನಲ್ಲಿ ಹೊರಡೋ ದಿನ ಬೀಳ್ಕೊಡೋಕೆ ನಾನೂ ಟ್ರಕ್ ಸ್ಟಾಪಿನವರೆಗೆ ಹೋಗಿದ್ದೆ. ಅಲ್ಲಿ ಲಾರಿಗಳನ್ನ ತೂಗೋ ಕಾಟಾ ಇರುತ್ತೆ. ಎಲ್ಲರನ್ನೂ ಕೂರಿಸಿ, ಅತ್ತೆಯ ಗ್ರೈಂಡರ್ ಸಮೇತ ಹತ್ತಿಸಿ ತೂಗಿಸಿದೆವು. ಚೀಟಿ ಬಂತು: ಮುಂದಿನ ಆಕ್ಸೆಲ್ 4,300, ಹಿಂದಿನದು 4,480, ಟ್ರೇಲರ್ 6,600. ಟ್ರಕ್ಕಿಗೆ ಅನುಮತಿ ಇರೋ 10,000ದ ಒಳಗೆ ಆರಾಮಾಗಿ ಇತ್ತು. ಷಡ್ಡಕ ಚೀಟಿಯ ಫೋಟೋ ತೆಗೀತಿದ್ದ.

ಮಾವ ಹಾಸನದಲ್ಲಿ ಮೂವತ್ತು ವರ್ಷ ಆಲೂಗಡ್ಡೆ ಮಂಡಿ ನಡೆಸಿದವರು. ಕನ್ನಡಕ ಏರಿಸಿಕೊಂಡು ಚೀಟಿಯನ್ನ ಎರಡು ಸಲ ನೋಡಿದ್ರು.

"ಬಿಟ್ಟಾಡಿಸಿ ಒಂಟಿ ಗಾಡಿ ಕಾಟಾ ಹಾಕಿಸಿದ್ರಾ ಅಳಿಯಂದ್ರೇ?"

ಹಾಕಿಸಿರಲಿಲ್ಲ. ಅದಿಲ್ಲದೆ ಕೊಂಡಿಯ ಮೇಲೆ ಕೂತಿರೋದೆಷ್ಟು ಅಂತ ಗೊತ್ತಾಗೋದಿಲ್ಲ, ಅದು ನನಗೂ ಹೊಳೆದಿರಲಿಲ್ಲ. ಟ್ರೇಲರನ್ನ ಪಕ್ಕದಲ್ಲಿ ಕಳಚಿ ನಿಲ್ಲಿಸಿ, ಅದೇ ಆರು ಜನ ಕೂತು ಟ್ರಕ್ಕನ್ನ ಮಾತ್ರ ಮತ್ತೆ ಹತ್ತಿಸಿದೆವು. 7,980. ಮೊದಲಿನ 8,780ರಲ್ಲಿ ಕಳೆದ್ರೆ 800. "ಸರಿ ಇದೆ, ನಡೀರಿ" ಅಂದ್ರು ಮಾವ. ಮತ್ತೆ ಕೊಂಡಿ ಹಾಕಿ, ಸರಪಳಿ ಸಿಕ್ಕಿಸಿ, ಉತ್ತರದ ಹೈವೇ ಹಿಡಿಯೋ ಹೊತ್ತಿಗೆ ಮುಕ್ಕಾಲು ಗಂಟೆ ತಡವಾಗಿತ್ತು.